ಹಾಡಿದವರ ಮನೆಗೆ ಹಾಡನ್ನು ಮರಳಿಸುವುದು ಹೇಗೆ: ಹಳೆಯ ಧ್ವನಿಮುದ್ರಣಗಳನ್ನು ಇಟ್ಟುಕೊಂಡಿರುವವರಿಗೆ ಒಂದು ಮಾರ್ಗದರ್ಶಿ

1890ರ ಮಾರ್ಚ್ ತಿಂಗಳಿನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ವಿದ್ವಾಂಸರು ಎಡಿಸನ್ನರ ಫೋನೋಗ್ರಾಫ್ ಯಂತ್ರವನ್ನು ತೆಗೆದುಕೊಂಡು, ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ ಕೆನಡಾದ ಗಡಿಗೆ ಅಂಟಿಕೊಂಡಿರುವ ಕ್ಯಾಲಿಸ್ ಎಂಬ ಊರಿಗೆ ಬಂದರು. ಅಮೆರಿಕದ ನೈಋತ್ಯ ಭಾಗದ ಮೂಲನಿವಾಸಿಗಳಾದ ಜೂನಿ ಜನರ ನಡುವೆ ಕೆಲಸಕ್ಕೆ ಹೊರಡುವ ಮೊದಲು ಯಂತ್ರವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಅವರ ಉದ್ದೇಶವಾಗಿತ್ತು. ಆ ಸೀಮೆಯ ಮೂಲನಿವಾಸಿಗಳಾದ ಪಸಾಮಕ್ವಾಡಿ ಸಮುದಾಯದ ನೋಯೆಲ್ ಜೋಸೆಫ್ಸ್, ಪೀಟರ್ ಸೆಲ್ಮೋರ್ ಮೊದಲಾದವರು ಯಂತ್ರದ ಮುಂದೆ ಕುಳಿತು ಹಾಡಿದರು, ಕಥೆ ಹೇಳಿದರು, ತಮ್ಮ ಭಾಷೆಯ ಪದಗಳನ್ನು ಉಚ್ಚರಿಸಿದರು. ಒಂದೊಂದು ಮೇಣದ ಸಿಲಿಂಡರಿನಲ್ಲಿ ಎರಡು ಮೂರು ನಿಮಿಷಗಳಷ್ಟು ಧ್ವನಿ ಮಾತ್ರ ಹಿಡಿಯುತ್ತಿತ್ತು. ಒಂದು ಸಮುದಾಯದ ನೆಲೆಗೆ ಹೋಗಿ ಯಂತ್ರದಿಂದ ಮಾಡಿದ ಧ್ವನಿಮುದ್ರಣಗಳಲ್ಲಿ ಇವನ್ನೇ ಜಗತ್ತಿನ ಮೊತ್ತಮೊದಲನೆಯವೆಂದು ಗಣಿಸಲಾಗುತ್ತದೆ.

ಸಿಲಿಂಡರುಗಳು ಹಾರ್ವರ್ಡಿನ ಪೀಬಾಡಿ ಮ್ಯೂಸಿಯಂ ಸೇರಿದವು, 1970ರಲ್ಲಿ ಅಲ್ಲಿಂದ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋದವು. ಹಾಡಿದವರ ಮೊಮ್ಮಕ್ಕಳ ಕಾಲಕ್ಕೆ, ಅಂದರೆ 1980ರ ದಶಕದಲ್ಲಿ, ಅವುಗಳ ಪ್ರತಿಗಳು ಕ್ಯಾಸೆಟ್ಟುಗಳಲ್ಲಿ ಸಮುದಾಯಕ್ಕೆ ತಲುಪಿದವು. ಆದರೆ ಕ್ಯಾಸೆಟ್ಟಿನಲ್ಲಿ ಕರಕರ ಸದ್ದೇ ಹೆಚ್ಚಾಗಿದ್ದು, ಮಾತು ತಿಳಿಯುವುದು ಕಷ್ಟವಾಗಿತ್ತು. ಸಮುದಾಯದ ಹಿರಿಯರು ಮತ್ತು ಭಾಷಾಬಲ್ಲವರು ಗ್ರಂಥಾಲಯದ ಸಿಬ್ಬಂದಿಯೊಂದಿಗೆ ಕುಳಿತು, ಹೊಸದಾಗಿ ಡಿಜಿಟಲೀಕರಿಸಿದ ಧ್ವನಿಯನ್ನು ಪದಪದವಾಗಿ ಆಲಿಸಿ, ಅದಕ್ಕೆ ತಮ್ಮದೇ ಭಾಷೆಯ ಶೀರ್ಷಿಕೆಗಳನ್ನೂ ಬಳಕೆಯ ನಿಯಮಗಳನ್ನೂ ಸೇರಿಸಿ, ಅದು ಸಾರ್ವಜನಿಕರ ಮುಂದೆ ಬರುವ ಹೊತ್ತಿಗೆ 2018 ಆಗಿತ್ತು.

ಕ್ಯಾಸೆಟ್ಟು ಕೊಟ್ಟದ್ದಕ್ಕೂ 2018ರಲ್ಲಿ ನಡೆದದ್ದಕ್ಕೂ ನಡುವಿನ ಅಂತರವೇ ಈ ಲೇಖನದ ವಿಷಯ. ಪ್ರತಿ ಮಾಡಿ ಕೈಗಿಡುವುದು ಮರಳಿಸುವ ಕೆಲಸದ ಒಂದು ಸಣ್ಣ ಭಾಗ. ಆ ಧ್ವನಿಯನ್ನು ಯಾರು, ಯಾವಾಗ, ಯಾವ ಹೆಸರಿನಲ್ಲಿ ಕೇಳಬೇಕೆಂದು ತೀರ್ಮಾನಿಸುವ ಅಧಿಕಾರ ಸಮುದಾಯದ ಕೈಗೆ ಹೋಗದಿದ್ದರೆ ಏನೂ ಮರಳಿದಂತಾಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಈ ಮಾತು ದೂರದ ಮೇಯ್ನ್ ರಾಜ್ಯಕ್ಕೆ ಮಾತ್ರ ಅನ್ವಯಿಸುವುದಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಂತಹ ಸಂಸ್ಥೆಗಳಲ್ಲಿ, ನಿವೃತ್ತ ಪ್ರಾಧ್ಯಾಪಕರ ಮನೆಯ ಅಟ್ಟಗಳಲ್ಲಿ ಸೋಲಿಗರ, ಜೇನುಕುರುಬರ, ಕೊರಗರ, ಸಿದ್ದಿಯರ ಹಾಡು ಮತ್ತು ಕಥನಗಳ ಕ್ಯಾಸೆಟ್ಟುಗಳೂ ಸ್ಪೂಲ್ ಟೇಪುಗಳೂ ಇರಬಹುದು. ಅಂತಹ ಒಂದು ಪೆಟ್ಟಿಗೆ ನಿಮ್ಮ ವಶದಲ್ಲಿದ್ದರೆ, ಮುಂದಿನ ಮಾತುಗಳು ನಿಮ್ಮನ್ನು ಉದ್ದೇಶಿಸಿ ಬರೆದವು.

ಮೊದಲು ಪೆಟ್ಟಿಗೆಯನ್ನು ಓದಿ, ನುಡಿಸಬೇಡಿ

ಹಳೆಯ ಟೇಪು ಕೈಗೆ ಸಿಕ್ಕ ಕೂಡಲೇ ಪ್ಲೇಯರಿಗೆ ಹಾಕುವ ಆಸೆಯಾಗುವುದು ಸಹಜ. ಅದನ್ನು ತಡೆದುಕೊಳ್ಳಿ. ಟೇಪಿನ ಮೇಲೆ ಬಿಳಿಯ ಬೂಷ್ಟು ಕಂಡರೆ, ವಿನೆಗರಿನಂತಹ ಹುಳಿ ವಾಸನೆ ಬಂದರೆ, ಸುರುಳಿಯ ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಒಮ್ಮೆ ನುಡಿಸುವುದೇ ಅದರ ಕೊನೆಯ ನುಡಿಯಾಗಬಹುದು. ಕರಾವಳಿ ಮತ್ತು ಮಲೆನಾಡಿನ ತೇವದ ಹವೆಯಲ್ಲಿ ಇಟ್ಟ ಟೇಪುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಅಂಥವನ್ನು ಪ್ರತ್ಯೇಕಿಸಿ, ಒಣಗಿದ ತಂಪಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ, ಧ್ವನಿ ಸಂರಕ್ಷಣೆಯ ಅನುಭವವುಳ್ಳವರಿಗೆ ತೋರಿಸಿ.

ಆ ನಡುವೆ ಪೆಟ್ಟಿಗೆಯನ್ನೇ ಒಂದು ಕಡತದಂತೆ ಓದಿ. ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಪೆನ್ಸಿಲ್ ಬರಹ, ಜೊತೆಗಿಟ್ಟ ನೋಟ್‌ಬುಕ್, ಆ ಪ್ರವಾಸದ ಬಸ್ ಚೀಟಿ, ಹಾಡಿದವರಿಗೆ ಕೊಟ್ಟ ಸಂಭಾವನೆಯ ರಸೀದಿ, ಫೋಟೋಗಳ ಹಿಂದಿನ ಬರಹ, ಇವೆಲ್ಲವೂ ಮುಂದೆ ಊರನ್ನೂ ಮನೆಯನ್ನೂ ಗುರುತಿಸಲು ಬೇಕಾಗುತ್ತವೆ. ಪ್ರತಿ ಟೇಪಿಗೂ ಒಂದು ಸಂಖ್ಯೆ ಕೊಟ್ಟು, ಹೊದಿಕೆಯ ಎಲ್ಲ ಬದಿಗಳ ಚಿತ್ರ ತೆಗೆದು, ಅಲ್ಲಿರುವುದನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಿ. ತಪ್ಪು ಕಂಡರೂ ತಿದ್ದಬೇಡಿ, ನಿಮ್ಮ ಊಹೆಯನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಸಮುದಾಯವನ್ನು ಕೀಳಾಗಿ ಕರೆಯುವ ಹಳೆಯ ಹೆಸರುಗಳು ಸಿಕ್ಕಾಗಲೂ ಮೂಲ ಬರಹವನ್ನು ಅಳಿಸದೆ ಉಳಿಸಿಕೊಂಡು, ಹೊರಗೆ ತೋರಿಸುವ ಪಟ್ಟಿಯಲ್ಲಿ ಯಾವ ಹೆಸರಿರಬೇಕೆಂಬುದನ್ನು ಮುಂದೆ ಸಮುದಾಯದವರನ್ನೇ ಕೇಳಿ.

ಯಾರಿಗೆ ಮರಳಿಸಬೇಕು?

ಎಲ್ಲಕ್ಕಿಂತ ಕಠಿಣವಾದ ಹೆಜ್ಜೆ ಇದು. ಪಟ್ಟಿಯಲ್ಲಿ ‘ಸೋಲಿಗರ ಹಾಡು’ ಎಂದಷ್ಟೇ ಇರುತ್ತದೆ. ಆದರೆ ಸೋಲಿಗರು ಬಿಳಿಗಿರಿರಂಗನ ಬೆಟ್ಟದಲ್ಲಿದ್ದಾರೆ, ಮಲೆ ಮಹದೇಶ್ವರ ಬೆಟ್ಟದಲ್ಲಿದ್ದಾರೆ, ‘ಪೋಡು’ ಎಂದು ಕರೆಯುವ ತಮ್ಮ ಪುಟ್ಟ ಊರುಗಳಲ್ಲಿ, ಕಾಡಿನೊಳಗೂ ಕಾಡಿನ ಅಂಚಿನಲ್ಲಿಯೂ ಇದ್ದಾರೆ, ಅವರೊಳಗೆ ಕುಲಗಳಿವೆ. ಹಾಡು ಇಡೀ ಸಮುದಾಯದ್ದಾಗಿರಬಹುದು, ಒಂದು ಕುಲದ ದೇವರಿಗೆ ಸೇರಿದ್ದಾಗಿರಬಹುದು, ಒಬ್ಬ ಅಜ್ಜಿ ಕಟ್ಟಿ ತನ್ನ ಮಗಳಿಗೆ ಕಲಿಸಿದ್ದೂ ಆಗಿರಬಹುದು. ಈ ಮೂರಕ್ಕೂ ಒಪ್ಪಿಗೆ ಪಡೆಯಬೇಕಾದ ಜಾಗಗಳು ಬೇರೆ ಬೇರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ, ಲಾರಾ ಬೋಲ್ಟನ್ ಸಂಗ್ರಹಿಸಿದ, ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಹಾಡುಗಳನ್ನು ಮರಳಿಸಲು ಹೊರಟವರು ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಅಲ್ಲಿ ಕೆಲವು ಹಾಡುಗಳ ಮೇಲೆ ಹಕ್ಕಿರುವುದು ಇಡೀ ಜನಾಂಗಕ್ಕಲ್ಲ, ನಿರ್ದಿಷ್ಟ ಕುಲಕ್ಕೆ ಅಥವಾ ಆಚರಣೆಯ ಬಳಗಕ್ಕೆ.

ಆದ್ದರಿಂದ ಹುಡುಕಾಟ ಎರಡು ದಿಕ್ಕಿನಿಂದ ಏಕಕಾಲಕ್ಕೆ ನಡೆಯಲಿ. ಮೊದಲನೆಯದಾಗಿ, ಹಾಡಿದ ವ್ಯಕ್ತಿಯ ಕುಟುಂಬವನ್ನು ಹುಡುಕಿ. ಎರಡನೆಯದಾಗಿ, ಆ ನೆಲೆಯಲ್ಲಿ ಜನ ತಾವೇ ಒಪ್ಪಿಕೊಂಡಿರುವ ತೀರ್ಮಾನದ ಕಟ್ಟೆ ಯಾವುದೆಂದು ತಿಳಿದುಕೊಳ್ಳಿ. ಅದು ಪೋಡಿನ ಯಜಮಾನರ ಸಭೆಯಾಗಿರಬಹುದು, ಬುಡಕಟ್ಟು ಜನರ ವಸತಿಯಾದ ‘ಹಾಡಿ’ಯ ಹಿರಿಯರ ಕೂಟವಾಗಿರಬಹುದು, ಅರಣ್ಯ ಹಕ್ಕು ಕಾಯ್ದೆಯಡಿ ರಚನೆಯಾದ ಗ್ರಾಮಸಭೆಯಾಗಿರಬಹುದು, ಸಮುದಾಯದ ಸಂಘವಾಗಿರಬಹುದು. ಒಬ್ಬ ಪರಿಚಿತ ಮುಖಂಡರ ಸಹಿ ಪಡೆದು ‘ಸಮುದಾಯ ಒಪ್ಪಿದೆ’ ಎಂದು ಬರೆದುಕೊಳ್ಳುವುದು ಸುಲಭ, ಮುಂದೆ ಜಗಳ ಹುಟ್ಟುವುದೂ ಅಲ್ಲಿಂದಲೇ.

ಜನರನ್ನು ಹುಡುಕಲು ಕಾಗದಪತ್ರವೊಂದೇ ಸಾಲುವುದಿಲ್ಲ, ಕಾಲಿಗೂ ಕೆಲಸ ಕೊಡಬೇಕಾಗುತ್ತದೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಧ್ವನಿಮುದ್ರಿಸಿದ್ದನ್ನು ಇಟ್ಟುಕೊಂಡು, ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅದೇ ದಾರಿಯನ್ನು ಮತ್ತೆ ತುಳಿದರು. ನಲವತ್ತಾರು ವರ್ಷಗಳಲ್ಲಿ ಯಾವ ಪ್ರದರ್ಶನ ಉಳಿದಿದೆ, ಯಾವುದು ಮಾರ್ಪಟ್ಟಿದೆ ಎಂಬುದನ್ನು ಆಯಾ ಊರಿಗೇ ಹೋಗಿ ನೋಡಿದ ಪ್ರಯತ್ನವದು. ಭಾರತದ ಸಂಗೀತದ ಕ್ಷೇತ್ರ ಧ್ವನಿಮುದ್ರಣಗಳು ವಿದೇಶದಲ್ಲಷ್ಟೇ ಉಳಿಯಬಾರದೆಂಬ ಆಶಯದಿಂದ 1982ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಆರಂಭಿಸಿದ ಸಂಗೀತ ಸಂಗ್ರಹಾಗಾರ ಈಗ ಗುರುಗ್ರಾಮದಲ್ಲಿದೆ. ನಿಮ್ಮ ಪ್ರದೇಶದ ಹಳೆಯ ಧ್ವನಿಯನ್ನು ಹುಡುಕುವವರು ಅದರ ಪಟ್ಟಿಯನ್ನು ನೋಡುವುದು ಒಳ್ಳೆಯದು.

ಡಿಜಿಟಲ್ ಪ್ರತಿ ಮಾಡುವಾಗ

ಈ ಭಾಗದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದಕ್ಕೆ ನುರಿತ ತಂತ್ರಜ್ಞರಿದ್ದಾರೆ. ಅವರಲ್ಲಿ ಕೇಳಬೇಕಾದದ್ದು ಇಷ್ಟು. ಮೂಲಪ್ರತಿ 96 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತವಾಗಿರಲಿ. ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಇದು ಸುಮಾರು 2 ಜಿಬಿ ಜಾಗ ಬೇಡುತ್ತದೆ. ಆ ಪ್ರತಿಯಲ್ಲಿ ಗದ್ದಲ ತೆಗೆಯುವ, ಮಧ್ಯದ ಮಾತು ಕತ್ತರಿಸುವ ಯಾವ ಕೆಲಸವನ್ನೂ ಮಾಡಬಾರದು. ಹಾಡಿನ ನಡುವೆ ಕೆಮ್ಮಿದ ಸದ್ದು, ಕೋಳಿಯ ಕೂಗು, ಯಾರೋ ‘ಅದಲ್ಲ, ಇನ್ನೊಂದು ಹೇಳು’ ಎಂದು ಪಿಸುಗುಟ್ಟಿದ ದನಿ ಮನೆಯವರಿಗೆ ಹಾಡಿನಷ್ಟೇ ಬೆಲೆಯುಳ್ಳದ್ದಾಗಬಹುದು. ಕೇಳಲು ಹಿತವಾಗುವಂತೆ ಶುಚಿಗೊಳಿಸಿದ ಇನ್ನೊಂದು ಪ್ರತಿಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಿ.

ವೇಗದ ವಿಷಯದಲ್ಲಿ ಎಚ್ಚರವಿರಲಿ. ಬ್ಯಾಟರಿ ಇಳಿದ ರೆಕಾರ್ಡರಿನಲ್ಲಿ ಧ್ವನಿಮುದ್ರಿಸಿದ್ದನ್ನು ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದರೆ ಗಂಡಸಿನ ದನಿ ಹೆಣ್ಣುದನಿಯಂತೆ ಕೇಳಿಸುತ್ತದೆ. ಮೇಣದ ಸಿಲಿಂಡರುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಮೇಲಾಗಿ ಸೂಜಿ ತಾಗಿದಷ್ಟೂ ಮೇಣ ಸವೆಯುತ್ತದೆ. ಅದಕ್ಕಾಗಿಯೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, 1900ರಿಂದ 1938ರವರೆಗೆ ಆ ರಾಜ್ಯದ 78 ಮೂಲನಿವಾಸಿ ಭಾಷೆಗಳಲ್ಲಿ ಧ್ವನಿಮುದ್ರಿಸಿದ ಸುಮಾರು 2,700 ಸಿಲಿಂಡರುಗಳನ್ನು ಸೂಜಿಯೇ ತಾಗದಂತೆ ಬೆಳಕಿನಿಂದ ಅಳೆದು, ಗೀರುಗಳ ಚಿತ್ರದಿಂದ ಧ್ವನಿಯನ್ನು ಮರುಸೃಷ್ಟಿಸುವ ಐರಿನ್ ಎಂಬ ವಿಧಾನವನ್ನು ಬಳಸಲಾಯಿತು. ವೇಗ ಸರಿಯೇ ಎಂದು ಕೊನೆಗೆ ಹೇಳಬಲ್ಲವರು ಆ ಹಾಡನ್ನು ಬಲ್ಲ ಹಿರಿಯರು. ಅವರ ಕಿವಿಗೆ ಒಪ್ಪುವವರೆಗೆ ತಂತ್ರಜ್ಞರ ಕೆಲಸ ಮುಗಿದಿಲ್ಲವೆಂದು ತಿಳಿಯಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಹಾಳಾಗುತ್ತಿರುವ ಟೇಪನ್ನು ಉಳಿಸಲು ಡಿಜಿಟಲ್ ಪ್ರತಿ ಮಾಡಿಕೊಳ್ಳುವುದು ತಪ್ಪಲ್ಲ, ಅದಕ್ಕೆ ತಡ ಮಾಡುವಂತೆಯೂ ಇಲ್ಲ. ಆದರೆ ಸಮುದಾಯದೊಡನೆ ಮಾತಾಗುವ ಮೊದಲು ಅದನ್ನು ಯೂಟ್ಯೂಬಿಗೆ ಏರಿಸುವುದು, ವಾಟ್ಸ್ಯಾಪ್ ಗುಂಪಿನಲ್ಲಿ ಹಂಚುವುದು, ವಿಚಾರಸಂಕಿರಣದಲ್ಲಿ ನುಡಿಸುವುದು ತಪ್ಪು. ಹೊರಗೆ ಹೋದ ಧ್ವನಿಯನ್ನು ಯಾರೂ ಮರಳಿ ತರಲಾರರು.

ಕಾನೂನು ಹೇಳುವುದು ಎಷ್ಟು, ಹೇಳದೆ ಬಿಡುವುದು ಎಷ್ಟು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಎಂದರೆ ಅದನ್ನು ಮಾಡಿಸಿದ ನಿರ್ಮಾಪಕರು, ಹಾಡಿದವರಲ್ಲ. ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಅದರ ಸ್ವಾಮ್ಯವಿರುತ್ತದೆ. ಹಾಡಿದವರಿಗೆ ‘ಪ್ರದರ್ಶಕರ ಹಕ್ಕು’ ಎಂಬುದು ಕಾಯ್ದೆಯೊಳಗೆ ಬಂದದ್ದು 1994ರ ತಿದ್ದುಪಡಿಯಲ್ಲಿ, ಅದರ ಅವಧಿ ಈಗ 50 ವರ್ಷ. ಅಂದರೆ ಒಂದು ಕಾಲದಲ್ಲಿ ರಾತ್ರಿಯಿಡೀ ಹಾಡಿದ ಅಜ್ಜನಿಗೆ ಇಲ್ಲದಿದ್ದ ಹಕ್ಕು, ಗುಂಡಿ ಒತ್ತಿದವರಿಗೆ ಇತ್ತು. ನಿಮ್ಮ ಹತ್ತಿರವಿರುವ ಕಾಗದಗಳ ಪ್ರಕಾರ ಸ್ವಾಮ್ಯ ನಿಮ್ಮ ಸಂಸ್ಥೆಯದ್ದಾಗಿದ್ದರೆ, ಆ ಬಲವನ್ನು ಸಮುದಾಯದ ಪರವಾಗಿ ಬಳಸುವ ಅವಕಾಶವೂ ನಿಮಗಿದೆ. ಸ್ವಾಮ್ಯವನ್ನು ಬರಹದ ಮೂಲಕ ಸಮುದಾಯದ ಸಂಸ್ಥೆಗೆ ವರ್ಗಾಯಿಸಬಹುದು, ಅದು ಸಾಧ್ಯವಾಗದಿದ್ದರೆ ಸಮುದಾಯದ ಒಪ್ಪಿಗೆಯಿಲ್ಲದೆ ಯಾರಿಗೂ ಅನುಮತಿ ಕೊಡುವುದಿಲ್ಲವೆಂದು ಒಪ್ಪಂದ ಬರೆದುಕೊಡಬಹುದು. ಇಂತಹ ಪತ್ರಗಳನ್ನು ವಕೀಲರಿಗೆ ತೋರಿಸಿ, ಆದರೆ ಸಮುದಾಯದವರು ಓದಿ ತಿಳಿಯುವ ಕನ್ನಡದಲ್ಲಿ ಬರೆಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿಸಿ.

2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಪರಿಚ್ಛೇದವು ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಬೌದ್ಧಿಕ ಸ್ವತ್ತು ಹಾಗೂ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕಿದೆ ಎನ್ನುತ್ತದೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸೋಲಿಗರ ಸಮುದಾಯ ಹಕ್ಕುಗಳು ಇದೇ ಕಾಯ್ದೆಯಡಿ 2011ರಲ್ಲಿ ಮಾನ್ಯವಾದವು. ಜೇನು, ಗೆಡ್ಡೆ, ಮರ, ಪ್ರಾಣಿಗಳನ್ನು ಹೆಸರಿಸುವ ಹಾಡೊಂದು ಬರಿಯ ಹಾಡಲ್ಲ, ಕಾಡಿನ ತಿಳುವಳಿಕೆಯ ದಾಖಲೆಯೂ ಹೌದು. ಅದನ್ನು ಹಂಚುವ ಮೊದಲು ಈ ಪರಿಚ್ಛೇದವನ್ನು ನೆನಪಿಡಿ. ವಿಶ್ವಸಂಸ್ಥೆಯ 2007ರ ಮೂಲನಿವಾಸಿ ಹಕ್ಕುಗಳ ಘೋಷಣೆಯ 31ನೆಯ ವಿಧಿಯೂ ಸಾಂಸ್ಕೃತಿಕ ಪರಂಪರೆಯ ಮೇಲೆ ಆ ಜನರ ನಿಯಂತ್ರಣವನ್ನು ಎತ್ತಿಹಿಡಿಯುತ್ತದೆ, ಭಾರತ ಆ ಘೋಷಣೆಯ ಪರವಾಗಿ ಮತ ಹಾಕಿದೆ.

ಕಾನೂನಿನ ಕೊರತೆ ಎಲ್ಲಿದೆಯೆಂದು ಅಮೆರಿಕದ ಉದಾಹರಣೆಯೇ ತೋರಿಸುತ್ತದೆ. 2018ರ ಕಾಯ್ದೆಯೊಂದರಿಂದಾಗಿ 1923ಕ್ಕಿಂತ ಹಿಂದೆ ಪ್ರಕಟವಾದ ಧ್ವನಿಮುದ್ರಣಗಳೆಲ್ಲವೂ 2022ರ ಜನವರಿ 1ರಂದು ಅಲ್ಲಿ ಸಾರ್ವಜನಿಕ ಸ್ವತ್ತಾದವು. ಕಾಲ ಕಳೆದಂತೆ ಎಲ್ಲರೂ ಎಲ್ಲವನ್ನೂ ಕೇಳಬಹುದು ಎಂಬುದು ಆ ಕಾನೂನಿನ ತರ್ಕ. ಚಳಿಗಾಲದಲ್ಲಿ ಮಾತ್ರ ಹೇಳಬೇಕಾದ ಕಥೆಗೆ, ಸತ್ತವರ ಸಂಸ್ಕಾರದಲ್ಲಿ ಮಾತ್ರ ಹಾಡಬೇಕಾದ ಹಾಡಿಗೆ ಈ ತರ್ಕದಲ್ಲಿ ಜಾಗವಿಲ್ಲ. ಆ ಜಾಗವನ್ನು ಮಾಡಿಕೊಡುವವರು ಸಂಗ್ರಹದ ಹೊಣೆ ಹೊತ್ತ ನೀವೇ ಆಗಬೇಕು.

ಒಟ್ಟಿಗೆ ಕುಳಿತು ಕೇಳುವುದು

ಪ್ರತಿ ಸಿದ್ಧವಾಗಿದೆ, ಮನೆ ಸಿಕ್ಕಿದೆ. ಈಗ ಪೆನ್‌ಡ್ರೈವನ್ನು ಅಂಚೆಯಲ್ಲಿ ಕಳುಹಿಸಬೇಡಿ. ನೀವೇ ಹೋಗಿ. ಹೋಗುವ ದಿನವನ್ನು ಅವರೇ ಗೊತ್ತುಮಾಡಲಿ. ಕೂಲಿಯ, ಜೇನು ಕೀಳುವ, ಕಾಫಿ ಕೊಯ್ಲಿನ ದಿನಗಳಲ್ಲಿ ಜನ ಸೇರುವುದಿಲ್ಲ. ಕೂಲಿ ಬಿಟ್ಟು ಬಂದು ಕೇಳಿ, ಅರ್ಥ ಹೇಳಿ, ಹೆಸರು ಗುರುತಿಸಿಕೊಡುವವರಿಗೆ ಆ ದಿನದ ಸಂಭಾವನೆಯನ್ನು ಯೋಜನೆಯ ಲೆಕ್ಕದಲ್ಲಿ ಮೊದಲೇ ಇಟ್ಟುಕೊಳ್ಳಿ. ತಂತ್ರಜ್ಞರಿಗೆ ಕೊಡುವ ಹಣ ಖರ್ಚೆಂದೂ ಹಿರಿಯರ ಜ್ಞಾನ ಸೇವೆಯೆಂದೂ ಭಾವಿಸುವ ಪದ್ಧತಿ ನಿಲ್ಲಬೇಕು.

ಮೊದಲು ಕುಟುಂಬದವರಿಗೆ ಮಾತ್ರ ಕೇಳಿಸಿ. ಮೂವತ್ತು ನಲವತ್ತು ವರ್ಷದ ಹಿಂದೆ ತೀರಿಕೊಂಡ ತಾಯಿಯ ದನಿಯನ್ನು ಮಕ್ಕಳು ಎಲ್ಲರೆದುರು, ಸ್ಪೀಕರಿನಲ್ಲಿ, ಏಕಾಏಕಿ ಕೇಳುವಂತಾಗಬಾರದು. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು, ಚಿತ್ರ, ದನಿಗಳನ್ನು ಒಂದಿಷ್ಟು ಕಾಲ ದೂರವಿಡುವ ರೂಢಿಯಿದೆ. ಅದಕ್ಕಾಗಿಯೇ ಅಲ್ಲಿನ ಸಂಗ್ರಹಾಗಾರಗಳು ಕೇಳುಗರನ್ನು ಮೊದಲೇ ಎಚ್ಚರಿಸುತ್ತವೆ. ನಮ್ಮಲ್ಲಿ ರೂಢಿ ಬೇರೆಯಿರಬಹುದು, ದುಃಖ ಬೇರೆಯಲ್ಲ. ಕುಟುಂಬ ಕೇಳಿ, ಅಳುವುದಿದ್ದರೆ ಅತ್ತು, ಸುಧಾರಿಸಿಕೊಂಡು, ‘ಎಲ್ಲರೂ ಕೇಳಲಿ’ ಎಂದ ಮೇಲೆ ಸಭೆ ಸೇರಿಸಿ.

ಸಭೆಯಲ್ಲಿ ನೀವು ಕಡಿಮೆ ಮಾತಾಡಿ. ಒಂದು ಹಾಡು ನುಡಿಸಿ, ನಿಲ್ಲಿಸಿ, ಕಾಯಿರಿ. ಯಾರು ಹಾಡಿದ್ದು, ಯಾವ ಸಂದರ್ಭದ್ದು, ಈಗ ಯಾರಿಗೆ ಬರುತ್ತದೆ, ಯಾರೂ ಕೇಳಬಾರದ್ದು ಏನಾದರೂ ಇದೆಯೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಅವರ ಅನುಮತಿ ಪಡೆದು ಈ ಚರ್ಚೆಯನ್ನೂ ಧ್ವನಿಮುದ್ರಿಸಿಕೊಳ್ಳಿ, ಏಕೆಂದರೆ ಹಳೆಯ ಟೇಪಿಗಿಂತ ಹೆಚ್ಚಿನ ತಿಳಿವಳಿಕೆ ಈ ಚರ್ಚೆಯಲ್ಲೇ ಸಿಗಬಹುದು. ಪಸಾಮಕ್ವಾಡಿಯವರಲ್ಲಿ ಈ ಆಲಿಸುವ ಕೆಲಸವನ್ನು ಮಾಡಿದವರು ಸಮುದಾಯದ ಇತಿಹಾಸ ಸಂರಕ್ಷಕ ಡೊನಾಲ್ಡ್ ಸಾಕ್ಟೊಮಾ ಮತ್ತು ಭಾಷೆಯ ಹೊಣೆ ಹೊತ್ತ ಡ್ವೇನ್ ಟೋಮಾ ಅವರಂಥವರು. ಕರಕರ ಸದ್ದಿನ ನಡುವಿನಿಂದ ಒಂದೊಂದು ಪದವನ್ನು ಹೆಕ್ಕಲು ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಹೊರಗಿನ ಭಾಷಾತಜ್ಞರಿಂದ ಆಗದ ಕೆಲಸವಿದು.

ನೋವಿನ ಧ್ವನಿ

ಎಲ್ಲ ಧ್ವನಿಮುದ್ರಣಗಳೂ ಸಂತೋಷದಿಂದ ಹಾಡಿದವಲ್ಲ. ಕರಾವಳಿಯ ಕೊರಗ ಸಮುದಾಯದ ಡೋಲು ಇಂದು ಅವರ ಹೆಮ್ಮೆಯ ವಾದ್ಯ. ಆದರೆ ಅದೇ ಡೋಲನ್ನು ಬಾರಿಸುವಂತೆ ಅವರನ್ನು ಬಲವಂತಪಡಿಸಿದ, ಅವಮಾನಿಸಿದ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆ ತಂದು ನಿಷೇಧಿಸಬೇಕಾಯಿತು. ಅದಕ್ಕಿಂತ ಹಿಂದಿನ ಉತ್ಸವವೊಂದರ ಟೇಪಿನಲ್ಲಿ ಡೋಲಿನ ಸದ್ದಿದ್ದರೆ, ಅದು ಕಲೆಯ ದಾಖಲೆಯೋ ದೌರ್ಜನ್ಯದ ದಾಖಲೆಯೋ ಎಂಬುದನ್ನು ಪೆಟ್ಟಿಗೆಯ ಮೇಲಿನ ‘ಜನಪದ ವಾದ್ಯ’ ಎಂಬ ಚೀಟಿ ಹೇಳುವುದಿಲ್ಲ. ಎರಡೂ ಆಗಿರಬಹುದು. ಹೇಗೆ ವರ್ಣಿಸಬೇಕು, ಮಕ್ಕಳಿಗೆ ಕೇಳಿಸಬೇಕೇ, ಕಲಿಕೆಗೆ ಬಳಸಬೇಕೇ, ಮುಚ್ಚಿಡಬೇಕೇ ಎಂಬುದನ್ನು ಆ ನೋವು ಉಂಡವರು ಮತ್ತು ಅವರ ಮಕ್ಕಳು ನಿರ್ಧರಿಸಲಿ. ನಮ್ಮ ಜಾನಪದ ಅಧ್ಯಯನ ಈ ಪ್ರಶ್ನೆಯನ್ನು ಸಾಕಷ್ಟು ಗಂಭೀರವಾಗಿ ಎತ್ತಿಕೊಂಡಿಲ್ಲವೆಂಬ ಕೊರಗು ನನ್ನದು.

ಯಾರು ಕೇಳಬಹುದು ಎಂಬುದನ್ನು ಬರೆದಿಡುವುದು

ಸಭೆಯ ತೀರ್ಮಾನಗಳು ಬಾಯಿಮಾತಿನಲ್ಲೇ ಉಳಿದರೆ, ನಿಮ್ಮ ವರ್ಗಾವಣೆಯಾದ ದಿನವೇ ಮರೆತುಹೋಗುತ್ತವೆ. ಪ್ರತಿಯೊಂದು ಧ್ವನಿಯ ವಿವರಪಟ್ಟಿಯಲ್ಲೂ ಅವು ಅಂಟಿಕೊಂಡಿರಬೇಕು. ಇದಕ್ಕೆ ಒಂದು ಒಳ್ಳೆಯ ಸಾಧನವನ್ನು ಜೇನ್ ಆಂಡರ್ಸನ್ ಮತ್ತು ಕಿಮ್ ಕ್ರಿಸ್ಟೆನ್ 2010ರಲ್ಲಿ ಆರಂಭಿಸಿದ ಲೋಕಲ್ ಕಾಂಟೆಕ್ಸ್ಟ್ಸ್ ಸಂಸ್ಥೆ ರೂಪಿಸಿದೆ. ‘ಪಾರಂಪರಿಕ ಜ್ಞಾನದ ಲೇಬಲ್’ ಎಂದು ಕರೆಯಬಹುದಾದ ಈ ಚೀಟಿಗಳಲ್ಲಿ ಸಮುದಾಯವೇ ತನ್ನ ನಿಯಮವನ್ನು ತನ್ನ ಭಾಷೆಯಲ್ಲಿ ಬರೆಯುತ್ತದೆ. ಪಸಾಮಕ್ವಾಡಿಯವರು ಮೂರನ್ನು ಆರಿಸಿಕೊಂಡರು. ಸರಿಯಾದ ಹೆಸರಿನೊಂದಿಗೆ, ಸರಿಯಾದ ಕ್ರಮದಲ್ಲಿ ಬಳಸಬೇಕೆನ್ನುವ ‘ಎಲಿತಾಸಿಕ್’ ಒಂದು, ಕಲಿಕೆಗಾಗಿ ಬಳಸಬಹುದೆನ್ನುವ ‘ಎಕೆಹ್ಕಿಮ್ಕೆವೇ’ ಇನ್ನೊಂದು, ಇದು ಮಾರಾಟಕ್ಕಲ್ಲವೆನ್ನುವ ‘ಮಾ ಯುತ್ ಮೊನುವಾಸಿವ್’ ಮತ್ತೊಂದು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಲ್ಲಿ ಈ ಪದಗಳು ಇಂದು ಧ್ವನಿಯ ಜೊತೆಗೇ ಕಾಣಿಸುತ್ತವೆ. 1890ರಲ್ಲಿ ಪರೀಕ್ಷೆಯ ವಸ್ತುವಾಗಿದ್ದ ಭಾಷೆ, ಈಗ ಆ ಸಂಗ್ರಹದ ನಿಯಮ ಹೇಳುವ ಭಾಷೆಯಾಗಿದೆ.

ನೀವು ಅದೇ ಲೇಬಲ್ಲುಗಳನ್ನು ಬಳಸಲೇಬೇಕೆಂದಿಲ್ಲ. ಕನ್ನಡ ಲಿಪಿಯಲ್ಲಿ, ಸಮುದಾಯದ ನುಡಿಯಲ್ಲಿ, ಒಂದು ವಾಕ್ಯದ ಚೀಟಿ ಸಾಕು: ಹೆಂಗಸರು ಮಾತ್ರ ಕೇಳಬೇಕಾದದ್ದು, ಹಬ್ಬದ ತಿಂಗಳಲ್ಲಿ ಮಾತ್ರ, ಕುಲದವರಿಗೆ ಮಾತ್ರ, ಶಾಲೆಯಲ್ಲಿ ಕಲಿಸಬಹುದು, ಸಿನಿಮಾಕ್ಕೆ ಕೊಡಬಾರದು. ಇಂತಹ ಹಂತ ಹಂತದ ಪ್ರವೇಶವನ್ನು ಕಂಪ್ಯೂಟರಿನಲ್ಲಿ ಅಳವಡಿಸಿಕೊಳ್ಳಲು ಮುಕುರ್ತು ಎಂಬ ಉಚಿತ ತಂತ್ರಾಂಶವಿದೆ. ಅದು ಹುಟ್ಟಿದ್ದು ಆಸ್ಟ್ರೇಲಿಯಾದ ಟೆನಂಟ್ ಕ್ರೀಕ್ ಊರಿನ ವರುಮುಂಗು ಸಮುದಾಯದ ಅಗತ್ಯದಿಂದ. ಅವರ ಭಾಷೆಯಲ್ಲಿ ಮುಕುರ್ತು ಎಂದರೆ ಹಿರಿಯರು ಪವಿತ್ರ ವಸ್ತುಗಳನ್ನು ಇಡುತ್ತಿದ್ದ ಚೀಲ. ಚೀಲವನ್ನು ಬಿಚ್ಚಬೇಕಾದರೆ ಹಿರಿಯರನ್ನು ಕೇಳಬೇಕು.

ಕೆಲವು ಧ್ವನಿಗಳ ಬಗ್ಗೆ ‘ಯಾರೂ ಕೇಳುವುದು ಬೇಡ’ ಎಂಬ ಉತ್ತರ ಬರಬಹುದು. ಸಂಶೋಧಕರಾಗಿ ನಿಮಗೆ ಅದು ನುಂಗಲು ಕಷ್ಟವಾದೀತು. ಆಗಲೂ ಒಪ್ಪಿ. ಮುಚ್ಚಿಡುವುದೂ ಮರಳಿಸುವುದರ ಒಂದು ಬಗೆಯೇ.

ಯಾವ ರೂಪದಲ್ಲಿ ಕೊಡಬೇಕು?

ಪೋಡಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಅಂತರಜಾಲದ ಕೊಂಡಿ ಕೊಟ್ಟು ಪ್ರಯೋಜನವಿಲ್ಲ. ಬಹುತೇಕರ ಕೈಯಲ್ಲಿ ಮೊಬೈಲ್ ಇರುವುದರಿಂದ, ದಿನಬಳಕೆಗೆ ಎಂಪಿ3 ರೂಪದ ಪ್ರತಿಗಳನ್ನು ಮೆಮೊರಿ ಕಾರ್ಡಿನಲ್ಲಿ ಕೊಡಿ. ಕಡತದ ಹೆಸರು ಸಂಖ್ಯೆಯಾಗಿರದೆ ಹಾಡಿದವರ ಮತ್ತು ಹಾಡಿನ ಹೆಸರಾಗಿ ಕನ್ನಡದಲ್ಲಿರಲಿ. ಮೂಲ ವೇವ್ ಕಡತಗಳನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಹಾಕಿ, ಒಂದನ್ನು ಸಮುದಾಯ ಸೂಚಿಸಿದ ಶಾಲೆಯಲ್ಲೋ ಸಂಘದ ಕಚೇರಿಯಲ್ಲೋ ಇಡಿ, ಇನ್ನೊಂದು ನಿಮ್ಮಲ್ಲಿರಲಿ. ಹಾರ್ಡ್ ಡಿಸ್ಕು ಕೆಲವೇ ವರ್ಷ ಬಾಳುವ ವಸ್ತು, ಅದನ್ನು ಬದಲಿಸುವ ಹೊಣೆ ಯಾರದೆಂದು ಒಪ್ಪಂದದಲ್ಲೇ ಬರೆಯಿರಿ. ಹಾಡಿನ ಸಾಹಿತ್ಯ, ಅರ್ಥ, ಹಾಡಿದವರ ಫೋಟೋ ಇರುವ ಒಂದು ಮುದ್ರಿತ ಪುಸ್ತಿಕೆಯನ್ನೂ ಕೊಟ್ಟರೆ, ಎಲ್ಲ ಯಂತ್ರಗಳು ಕೆಟ್ಟ ಮೇಲೂ ಅದು ಉಳಿದಿರುತ್ತದೆ.

ಹಾಡು ಮತ್ತೆ ಬಾಯಿಗೆ ಬರುವಂತೆ

ಧ್ವನಿ ಮರಳಿದ ಮಾತ್ರಕ್ಕೆ ಹಾಡು ಮರಳುವುದಿಲ್ಲ. ಅಮೆರಿಕದಲ್ಲಿ 1979ರಲ್ಲಿ ಆರಂಭವಾದ ಫೆಡರಲ್ ಸಿಲಿಂಡರ್ ಪ್ರಾಜೆಕ್ಟ್ ಸುಮಾರು 10,000 ಮೇಣದ ಸಿಲಿಂಡರುಗಳನ್ನು ಟೇಪಿಗೆ ಇಳಿಸಿ ಸಮುದಾಯಗಳಿಗೆ ತಲುಪಿಸುವ ದೊಡ್ಡ ಕೆಲಸಕ್ಕೆ ಕೈಹಾಕಿತು. ಅದರಲ್ಲಿ ಬೇರೂರಿದ ಪ್ರಯತ್ನಗಳಲ್ಲಿ ನೆಬ್ರಾಸ್ಕಾದ ಒಮಾಹಾ ಜನರದ್ದು ಒಂದು. ಮಾನವಶಾಸ್ತ್ರಜ್ಞೆ ಆಲಿಸ್ ಫ್ಲೆಚರ್ ಮತ್ತು ಸ್ವತಃ ಒಮಾಹಾ ಸಮುದಾಯದವರೇ ಆಗಿದ್ದ ಫ್ರಾನ್ಸಿಸ್ ಲಾ ಫ್ಲೆಷ್ 1890ರ ದಶಕದಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನು, ಆ ಜನ ವರ್ಷಕ್ಕೊಮ್ಮೆ ಸೇರಿ ಹಾಡಿ ಕುಣಿಯುವ ತಮ್ಮದೇ ಕೂಟಕ್ಕೆ 1983ರಲ್ಲಿ ಒಯ್ಯಲಾಯಿತು. ಹಾಡುವ ಪರಂಪರೆ ಅಲ್ಲಿ ಆಗಲೂ ಜೀವಂತವಾಗಿದ್ದರಿಂದ ಹಳೆಯ ಧ್ವನಿಗೆ ಕೂಡಲೇ ಕಿವಿಯೂ ಬಾಯಿಯೂ ಸಿಕ್ಕವು.

ಅಲಾಸ್ಕಾದ ಉತ್ತರ ತುದಿಯ ಇನ್ಯೂಪಿಯಾಟ್ ಜನರ ನಡುವೆ ನಡೆದದ್ದು ಇನ್ನೂ ಉತ್ಸಾಹ ತರುವಂಥದ್ದು. ಹೋಪಿ ಹಾಡುಗಳನ್ನು ಸಂಗ್ರಹಿಸಿದ್ದ ಲಾರಾ ಬೋಲ್ಟನ್ ಅವರೇ 1946ರಲ್ಲಿ ಬ್ಯಾರೋ ಊರಿನಲ್ಲಿ ಧ್ವನಿಮುದ್ರಿಸಿದ್ದ ಹಾಡುಗಳು ಮರಳಿದ ಮೇಲೆ ಅಲ್ಲಿನ ಯುವಕರು ನೃತ್ಯತಂಡ ಕಟ್ಟಿ, ಅಜ್ಜಂದಿರ ಕಾಲದ ಹಾಡುಗಳನ್ನು ಕಲಿತು ಹಬ್ಬದಲ್ಲಿ ಆಡಿದರು. ಕಲಿಸಲು ಹಿರಿಯರು, ಕಲಿಯಲು ಹರೆಯದವರು, ಹಾಡಲು ಒಂದು ಹಬ್ಬ, ಈ ಮೂರೂ ಅಲ್ಲಿದ್ದವು. ನಿಮ್ಮ ಯೋಜನೆಯಲ್ಲಿ ಈ ಮೂರರಲ್ಲಿ ಯಾವುದು ಕಡಿಮೆಯಿದೆಯೋ ಹಣವನ್ನೂ ಶ್ರಮವನ್ನೂ ಅಲ್ಲಿ ಹಾಕಿ. ಹಿರಿಯರೊಬ್ಬರಿಗೆ ಆರು ತಿಂಗಳ ಗೌರವಧನ ಕೊಟ್ಟು ಸಂಜೆ ಮಕ್ಕಳಿಗೆ ಕಲಿಸಲು ಕೇಳಿಕೊಳ್ಳುವುದು, ದುಬಾರಿ ಜಾಲತಾಣ ಕಟ್ಟುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಆಶ್ರಮಶಾಲೆಯಿದ್ದರೆ ಅಲ್ಲಿನ ಶಿಕ್ಷಕರನ್ನು ಮೊದಲ ಸಭೆಗೇ ಕರೆಯಿರಿ. ಮಕ್ಕಳು ಹಾಡನ್ನು ತುಸು ಬದಲಿಸಿ ಹಾಡಿದರೆ, ಟೇಪಿನಂತಿಲ್ಲವೆಂದು ತಿದ್ದಲು ಹೋಗಬೇಡಿ. ಆ ಟೇಪು ಒಬ್ಬರು ಒಂದು ದಿನ ಹಾಡಿದ್ದು ಮಾತ್ರ, ಅದಕ್ಕೂ ಹಿಂದೆ ಆ ಹಾಡು ಎಷ್ಟು ಬಾಯಿಗಳಲ್ಲಿ ಬದಲಾಗಿ ಬಂದಿತ್ತೋ ಯಾರು ಬಲ್ಲರು!

ಒಪ್ಪಂದದ ಕೊನೆಯಲ್ಲಿ ಮರುಭೇಟಿಯ ತಿಂಗಳನ್ನು ಬರೆಯಿರಿ. ಒಂದು ವರ್ಷದೊಳಗೆ ಒಮ್ಮೆ, ಆ ಮೇಲೆ ಎರಡು ವರ್ಷಕ್ಕೊಮ್ಮೆಯಾದರೂ ಹೋಗಿ, ಮೆಮೊರಿ ಕಾರ್ಡು ಯಾರ ಹತ್ತಿರವಿದೆ, ಯಾವ ಹಾಡನ್ನು ಯಾರು ಕಲಿತರು, ಮೊದಲು ‘ಎಲ್ಲರೂ ಕೇಳಲಿ’ ಎಂದದ್ದನ್ನು ಈಗ ಬೇಡವೆನ್ನುವವರು ಇದ್ದಾರೆಯೇ ಎಂದು ಕೇಳಿ, ಪಟ್ಟಿಯನ್ನು ತಿದ್ದಿ. ಮರುಭೇಟಿಗೆ ಹೋಗುವಾಗ ಒಂದು ಒಳ್ಳೆಯ ರೆಕಾರ್ಡರನ್ನೂ ಒಯ್ದು, ಬಳಸುವುದನ್ನು ಅಲ್ಲಿನ ಯುವಕ ಯುವತಿಯರಿಗೆ ಕಲಿಸಿ ಅಲ್ಲೇ ಬಿಟ್ಟು ಬನ್ನಿ. ಮುಂದಿನ ಧ್ವನಿಮುದ್ರಣಗಳಲ್ಲಿ ಗುಂಡಿ ಒತ್ತುವವರ ಹೆಸರೂ ಹಾಡುವವರ ಮನೆಯದೇ ಆಗಿರುತ್ತದೆ.